ಮೊಟ್ಟೆಯ ಟ್ರೇ ತೊಳೆದವನ ಅರಿಕೆ, ಹುಡುಕಿಕೊಡುವ ಯಂತ್ರದವರಿಗೆ

ಮಾಡದಕೆರೆ, ಹೊಸದುರ್ಗ ತಾಲ್ಲೂಕು
ಫೆಬ್ರವರಿ 12, 2007, ಸೋಮವಾರ

ಮಾನ್ಯರೇ,

ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮಾರುತೇಶನ ಇಂಟರ್‌ನೆಟ್ ಅಂಗಡಿಯ ಮೂರನೇ ನಂಬರಿನ ಕಂಪ್ಯೂಟರಿನೊಳಗೆ ಬಿಡಾರ ಹೂಡಿ, ಕೇಳಿದವರಿಗೆ ಕೇಳಿದ್ದನ್ನೂ ಕೇಳದ್ದನ್ನೂ ಹುಡುಕಿಕೊಡುತ್ತಿರುವ ತಮ್ಮ ಸನ್ನಿಧಾನಕ್ಕೆ ಮಾಡದಕೆರೆಯ ಈರಬಸಪ್ಪನು ಶರಣು ಶರಣಾರ್ಥಿ ಹೇಳಿ ಬರೆಯುವ ಕಾಗದ. ಇಲ್ಲಿ ನಾನು, ಮನೆಯಾಕೆ ದಾಕ್ಷಾಯಣಮ್ಮ, ಸೊಸೆ ಕಾವ್ಯ ಮತ್ತು ಎಮ್ಮೆ ಎಲ್ಲರೂ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲೊಲ್ಲದು. ಅದಕ್ಕೆ ತಾವೇ ಕಾರಣರಾದ್ದರಿಂದ ಮುಂದೆ ವಿವರಿಸುತ್ತೇನೆ. ಕರೆಂಟು ಹೋಗಿ ಬಂದಾಗಲೆಲ್ಲ ತಾವು ಮಂಕಾಗಿ ಕೂರುತ್ತೀರೆಂದು ಮಾರುತೇಶ ಹೇಳಿದ. ಈಗ ಹೇಗಿದೆ? ಬಿಸಿಲಿನ ಕಾಲ ಬರುತ್ತಿದೆ, ಜೋಪಾನ.

ನನಗೀಗ ಎಪ್ಪತ್ತೊಂದು. ಶಾಲೆಯ ಮೆಟ್ಟಿಲನ್ನು ಹತ್ತಿದ್ದಕ್ಕಿಂತ ಇಳಿದದ್ದೇ ಬೇಗ. ಬೆಲ್ಲ ಕಟ್ಟಿಕೊಟ್ಟ ಪೇಪರು, ಲಗ್ನಪತ್ರಿಕೆ, ಗೊಬ್ಬರದ ಚೀಲ, ಇವನ್ನು ಓದಿ ಓದಿ ಅಕ್ಷರ ಕಲಿತವನು. ಮೂವತ್ತು ವರ್ಷ ಈ ಊರಿನ ಹೆಣ್ಣುಮಕ್ಕಳ ತವರಿಗೂ ಬೀಗರಿಗೂ ಕಾಗದ ಬರೆದುಕೊಟ್ಟೆ. ಈಗ ಎಲ್ಲರ ಸೊಂಟದಲ್ಲೂ ಫೋನು ಬಂದು, ಕಾಗದ ಬರೆಸಿಕೊಳ್ಳುವ ನೆಂಟರು ಒಬ್ಬರೂ ಉಳಿದಿಲ್ಲ. ತಾವೊಬ್ಬರೇ. ಆ ಸಲಿಗೆಯಿಂದ ಬರೆಯುತ್ತಿದ್ದೇನೆ.

ಕಾವ್ಯ ನಮ್ಮ ಮುಂದಿನ ಪಡಸಾಲೆಯಲ್ಲಿ ಇಪ್ಪತ್ತೆರಡು ಮಕ್ಕಳ ಶಿಶುವಿಹಾರ ನಡೆಸುತ್ತಾಳೆ. ಅದರ ಮೇಲೊಂದು ಮಂಡಳಿ ಇದೆ, ಜಿಲ್ಲಾ ಕೇಂದ್ರವಾದ ದುರ್ಗದಲ್ಲಿ. ಆ ಮಂಡಳಿಗೆ ಕಳೆದ ದೀಪಾವಳಿಯ ಹೊತ್ತಿಗೆ ಜ್ಞಾನೋದಯವಾಗಿ, ಹಳೆಯ ಆಟಗಳಿಂದ ಮಕ್ಕಳ ಬುದ್ಧಿ ಬೆಳೆಯುವುದಿಲ್ಲವಾದ್ದರಿಂದ ಪ್ರತಿ ಕೇಂದ್ರದವರೂ ಇಂಟರ್‌ನೆಟ್ಟಿನಿಂದ ಹತ್ತು ಹೊಸ ಆಟ ತಂದು ಆಡಿಸಿ, ಪ್ರತಿ ಆಟದ ಪ್ರಿಂಟನ್ನು ವಹಿಯಲ್ಲಿ ಅಂಟಿಸಿ, ಫೆಬ್ರವರಿ ಇಪ್ಪತ್ತರೊಳಗೆ ಮೇಲ್ವಿಚಾರಕಿ ಶೋಭಾರಾಣಿ ಮೇಡಂ ಅವರ ರುಜು ಪಡೆಯತಕ್ಕದ್ದು, ತಪ್ಪಿದ ಕೇಂದ್ರವನ್ನು ಮುಚ್ಚಿ ಪಕ್ಕದ ಕೇಂದ್ರಕ್ಕೆ ಸೇರಿಸಲಾಗುವುದು ಎಂಬ ಸುತ್ತೋಲೆ ಹೊರಟಿತು. ನಮ್ಮ ಪಕ್ಕದ ಕೇಂದ್ರ ನಾಲ್ಕು ಮೈಲಿ ದೂರದಲ್ಲಿದೆ. ಮೂರು ವರ್ಷದ ಕೂಸು ದಿನವೂ ನಾಲ್ಕು ಮೈಲಿ ನಡೆಯುವುದನ್ನೂ ಮಂಡಳಿಯವರು ಒಂದು ಹೊಸ ಆಟವೆಂದೇ ಎಣಿಸಿರಬಹುದು. ಕಾವ್ಯ ಆ ಕಾಗದವನ್ನು ಎರಡು ದಿನ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದಳು, ಮೂರನೇ ದಿನ ನನಗೆ ತೋರಿಸಿ, "ಮಾವ, ಇಷ್ಟು ಮಕ್ಳನ್ನ ಬಿಟ್ಟು ನಾನೇನು ಮಾಡ್ಲಿ?" ಎಂದಳು. ನಾನು ಛತ್ರಿ ತೆಗೆದುಕೊಂಡು ಬಸ್ ಹತ್ತಿದೆ.

ನಮ್ಮ ಮೊದಲ ಭೇಟಿ ತಮಗೆ ನೆನಪಿರಬಹುದು. ತಮ್ಮ ಎದೆಯ ಮೇಲಿನ ಸಣ್ಣ ಡಬ್ಬಿಯಲ್ಲಿ ಕೇಳಬೇಕಾದ್ದನ್ನು ಬರೆಯಬೇಕೆಂದು ಮಾರುತೇಶ ಹೇಳಿದಾಗ, ನಾನು "ಮಾನ್ಯರೇ, ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ" ಎಂದು ಶುರುಮಾಡಿದೆ. ಮಾರುತೇಶ ಹಣೆ ಚಚ್ಚಿಕೊಂಡ. "ಅಜ್ಜ, ಅದಕ್ಕೆ ಇಷ್ಟುದ್ದ ಬ್ಯಾಡ. ಎರಡು ಪದ ಹೇಳ್ರಿ, ಸಾಕು." ನಾನೆಂದೆ, "ಲೇ ಮಾರುತೇಶ, ಗುರುತಿಲ್ಲದೋರ ಮನಿ ಬಾಗ್ಲಾಗೆ ನಿಂತು ಚೆನ್ನಾಗಿದೀರಾ ಅನ್ನದಲೆ ಮಜ್ಜಿಗೆ ಕೊಡ್ರಿ ಅಂತೀಯೇನೋ?" ಅವನು ಸೋತು, ನಾನು ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಪೂರ್ತಿ ಬರೆದ. ಉತ್ತರವಾಗಿ ತಾವು ಹದಿನಾಲ್ಕು ಆಸ್ಪತ್ರೆಗಳ ವಿಳಾಸವನ್ನೂ ಮಂಡಿನೋವಿನ ಒಂದು ಎಣ್ಣೆಯನ್ನೂ ಕಳಿಸಿದಿರಿ. ನನಗೆ ಮಂಡಿನೋವಿದೆ ಎಂಬುದು ತಮಗೆ ಹೇಗೆ ಗೊತ್ತಾಯಿತೆಂದು ಇವತ್ತಿಗೂ ಯೋಚಿಸುತ್ತೇನೆ.

ಆಮೇಲೆ ತಾವು ಇಂಗ್ಲಿಷಿನಲ್ಲಿ ಕಳಿಸಿದ, ಕಾವ್ಯ ಕನ್ನಡದಲ್ಲಿ ಓದಿ ಹೇಳಿದ ಆಟಗಳನ್ನು ಎಷ್ಟು ಹೊಗಳಿದರೂ ಕಡಿಮೆ. ಮೊದಲನೆಯದು ಹಿಮದ ಮನುಷ್ಯ. ಬೇಕಾಗುವ ಸಾಮಗ್ರಿ: ಹಿಮ. ಅದನ್ನು ಎಲ್ಲಿ ತರಬೇಕೆಂದು ಬರೆಯದ ತಮ್ಮ ಸಂಕೋಚವನ್ನು ಅರ್ಥಮಾಡಿಕೊಂಡು, ದಾಕ್ಷಾಯಣಮ್ಮ ತವರಿನಿಂದ ತಂದ ಹಾಸಿಗೆಯನ್ನು ಬಿಚ್ಚಿ ಅರಳೆಯ ಮನುಷ್ಯನನ್ನು ನಿಲ್ಲಿಸಿದೆವು. ಮೂಗಿಗೆ ಗಜ್ಜರಿ ಎಂದಿದ್ದಿರಿ, ಇಟ್ಟೆವು. ಎಮ್ಮೆ ಬಂದು ಮೂಗು ತಿಂದಿತು. ಆ ಹಾಸಿಗೆಯಿಲ್ಲದೆ ನಾನೀಗ ಚಾಪೆಯ ಮೇಲೆ ಮಲಗುತ್ತಿದ್ದೇನೆ, ತಮ್ಮ ಎಣ್ಣೆಯ ವಿಳಾಸ ಆಗ ಉಪಯೋಗಕ್ಕೆ ಬಂತು. ಮುಂದಾಲೋಚನೆ ಎಂದರೆ ಇದು!

ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆದು ಬಾಗಿಲಲ್ಲಿ ಇಡುವ ಆಟವನ್ನು ಕಳಿಸಿದಿರಿ. ನಮ್ಮಲ್ಲಿ ಹೆಂಗಸರು ಇಡೀ ಕುಂಬಳಕಾಯಿಗೆ ಮೊದಲ ಏಟು ಹಾಕುವುದಿಲ್ಲ, ಗಂಡಸರು ಹಾಕಿಕೊಡಬೇಕು. ಹೀಗಾಗಿ ಪಾಠದ ನಡುವೆ ನನ್ನನ್ನು ಕರೆಸಿ ಕತ್ತಿ ಹಿಡಿಸಿದರು. ಹಲ್ಲು ಕಿಸಿದ ಆ ಕಾಯಿ ಬಾಗಿಲಿಗೆ ಬಂದ ಅರ್ಧ ಗಂಟೆಯಲ್ಲಿ ಓಣಿಯವರೆಲ್ಲ ಬಂದು, ನಮ್ಮ ಮನೆಗೆ ಯಾರ ದೃಷ್ಟಿ ತಾಗಿತೆಂದು ಕೇಳತೊಡಗಿದರು. ಪಕ್ಕದ ದುರುಗಕ್ಕ, "ನನ್ ಮ್ಯಾಲೆ ಅನುಮಾನ ಇದ್ರೆ ಬಾಯಿಬಿಟ್ಟು ಹೇಳ್ರಿ, ಹಿಂಗೆ ಕಾಯಿಗೆ ನನ್ ಮುಖ ಕೊರೀಬ್ಯಾಡ್ರಿ" ಎಂದು ಅತ್ತಳು. ಹೋಲಿಕೆ ಇದ್ದದ್ದು ನಿಜ, ಆದರೆ ಅದು ಬೇಕೆಂದು ಮಾಡಿದ್ದಲ್ಲ.

ಇನ್ನು ಬಗೆಬಗೆಯ ಕಾಳುಗಳನ್ನು ತಟ್ಟೆಗೆ ಸುರಿದು ಮಕ್ಕಳು ಬೆರಳಿನಿಂದ ಬೇರೆ ಮಾಡುವ ಆಟ. ಇದರಿಂದ ಮಿದುಳು ಚುರುಕಾಗುತ್ತದೆ ಎಂದಿದ್ದಿರಿ. ನಲವತ್ತೆಂಟು ವರ್ಷದಿಂದ ದಾಕ್ಷಾಯಣಮ್ಮ ಮೊರ ಹಿಡಿದು ಇದನ್ನೇ ಆಡುತ್ತಿದ್ದಾಳೆ, ಅವಳ ಮಿದುಳಿನ ಚುರುಕನ್ನು ಉಂಡವನು ನಾನು. ಆ ವಾರ ಇಪ್ಪತ್ತೆರಡು ಆಳುಗಳು ಸಿಕ್ಕ ಸಂತೋಷಕ್ಕೆ ಅವಳು ಓಣಿಯವರ ಹುರುಳಿಯನ್ನೂ ತರಿಸಿ ಸುರಿದಳು. ಆದರೆ ತಮ್ಮ ಮೇಲಿನ ನನ್ನ ಗೌರವ ತುತ್ತತುದಿಗೆ ಏರಿದ್ದು ಮಣ್ಣಿನ ಆಟ ಬಂದಾಗ. ಬೇಕಾಗುವ ಸಾಮಗ್ರಿ: ಶುದ್ಧೀಕರಿಸಿದ ಮಣ್ಣು, ಒಂದು ಚೀಲ. ಆ ಹೊತ್ತಿನಲ್ಲಿ ಮಕ್ಕಳೆಲ್ಲ ಅಂಗಳದ ಮಣ್ಣಿನಲ್ಲಿ ಕೂತು ಮಣ್ಣಿನ ಹೋಳಿಗೆ ತಟ್ಟುತ್ತಿದ್ದರು. ಅವರನ್ನು ಎಬ್ಬಿಸಿ, ಕೈಕಾಲು ತೊಳೆಸಿ, ಒಳಗೆ ಕೂರಿಸಿ, ತಮ್ಮ ಪ್ರಿಂಟನ್ನು ಓದಿ ಹೇಳಿ, ಮತ್ತೆ ಅದೇ ಮಣ್ಣಿಗೆ ಬಿಟ್ಟೆವು. ವಹಿಯಲ್ಲಿ ಅದು ಆರನೇ ಹೊಸ ಆಟವಾಗಿ ದಾಖಲಾಗಿದೆ.

ಹೀಗೆ ಹೇಗೋ ಒಂಬತ್ತಾದವು. ಹತ್ತನೆಯದಕ್ಕೆ ತಾವು ಮೊಟ್ಟೆ ಇಡುವ ರಟ್ಟಿನ ಟ್ರೇಯನ್ನು ಕತ್ತರಿಸಿ ಕಂಬಳಿಹುಳು ಮಾಡುವುದನ್ನು ಕಳಿಸಿದಿರಿ. ಕಂಬಳಿಹುಳು ಕಂಡರೆ ನಾವು ಪೊರಕೆ ತರುವವರು, ಅದನ್ನು ಕೈಯಾರೆ ಮಾಡುವ ಬುದ್ಧಿ ನಮಗಿರಲಿಲ್ಲ, ಅದು ನಮ್ಮ ಕೊರತೆ. ಆದರೆ ಸ್ವಾಮೀ, ಲಿಂಗ ಕಟ್ಟಿದ ಮನೆಗೆ, ಅದೂ ಶಿವರಾತ್ರಿಗೆ ವಾರವಿರುವಾಗ, ಮೊಟ್ಟೆಯ ಟ್ರೇ! ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡ ನಾನು ಹೊಸದುರ್ಗದ ಕಾಟಯ್ಯನ ಮೊಟ್ಟೆ ಅಂಗಡಿಯ ಮುಂದೆ ಮೂರು ಸಲ ಅತ್ತಿಂದಿತ್ತ ನಡೆದು, ನಾಲ್ಕನೇ ಸಲ ನಿಂತೆ. "ಮೊಟ್ಟೆ ಬ್ಯಾಡ, ಬರೀ ಟ್ರೇ" ಎಂದೆ. ಕಾಟಯ್ಯ ನನ್ನ ಹಣೆ ನೋಡಿ ದನಿ ಇಳಿಸಿದ. "ನಾಚ್ಕಬ್ಯಾಡ್ರಿ ಯಜಮಾನ್ರೇ. ಕವರ್‌ನಾಗೆ ಹಾಕಿ, ಮ್ಯಾಲೆ ಕೊತ್ತಂಬರಿ ಇಟ್ಟು ಕೊಡ್ತೀನಿ. ನಿಮ್ಮೋರು ಬಾಳ ಜನ ಹಂಗೇ ಒಯ್ಯೋದು."

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು, ಪ್ರತಿ ಸೋಮವಾರ ನಮ್ಮ ಮನೆಯಲ್ಲಿ ಪೂಜೆ ಮಾಡಿ ಉಂಡುಹೋಗುವ ಶಿವಯ್ಯನವರು. ನನ್ನ ತೊಡೆಯ ಮೇಲಿನ ಹನ್ನೆರಡು ಟ್ರೇಗಳ ಗೋಪುರವನ್ನು ಅವರು ಬುಡದಿಂದ ತುದಿಯವರೆಗೆ ನೋಡಿದರು. "ಏನ್ ಈರಬಸಪ್ನೋರೇ, ಇದು?" ಎಂದರು. "ಮಕ್ಳು ಹುಳ ಮಾಡಾಕೆ ಅಯ್ನೋರೇ" ಎಂದೆ. ಇದಕ್ಕಿಂತ ಸತ್ಯವಾದ ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ, ಇದಕ್ಕಿಂತ ಕಡಿಮೆ ನಂಬಿಕೆಯೂ ನನಗೆ ಯಾವತ್ತೂ ಸಿಕ್ಕಿಲ್ಲ. ಅವರು ತಮ್ಮ ಚೀಲವನ್ನು ಟ್ರೇಗಳಿಂದ ದೂರ ಸರಿಸಿಕೊಂಡು, "ಬರೋ ಸೋಮವಾರ ನಂಗೆ ಹೊಟ್ಟೆ ಸರಿ ಇರಾದಿಲ್ಲ" ಎಂದರು. ಅಂದು ಬುಧವಾರ. ಇಂದು ಸೋಮವಾರ, ಅವರು ಬಂದಿಲ್ಲ. ಐದು ದಿನ ಮುಂಚೆಯೇ ಹೊಟ್ಟೆಯನ್ನು ಬಲ್ಲ ಮಹಾನುಭಾವರು.

ದಾಕ್ಷಾಯಣಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅದು ಹೊಸ್ತಿಲು ದಾಟಿ ಒಳಗೆ ಬಂದ್ರೆ ನಾನು ಈ ಕಡಿಂದ ಹೊರಗೆ ದಾಟ್ತೀನಿ, ನೋಡ್ರಿ." ಕಾವ್ಯ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊನೆಗೆ ಒಪ್ಪಂದವಾಯಿತು: ಟ್ರೇಗಳನ್ನು ಕೊಟ್ಟಿಗೆಯ ಕಲ್ಲುಬಾನಿಯಲ್ಲಿ ಸೀಗೆಪುಡಿ ಹಾಕಿ ನೆನೆಸಿ, ತೊಳೆದು, ವಿಭೂತಿ ಹಚ್ಚಿದ ಮೇಲೆ ಪಡಸಾಲೆಯವರೆಗೆ ಮಾತ್ರ ಬರಬಹುದು. ಅಂದು ರಾತ್ರಿಯೇ ನಾನು ಹನ್ನೆರಡನ್ನೂ ಭಕ್ತಿಯಿಂದ ತಿಕ್ಕಿ ಮುಳುಗಿಸಿ, ಮರುದಿನ ಬೆಳಗ್ಗೆ ಪೂಜೆ ಮುಗಿಸಿ, ವಿಭೂತಿ ತಟ್ಟೆ ಹಿಡಿದು ಬಂದು ನೋಡಿದರೆ ಬಾನಿಯಲ್ಲಿ ಟ್ರೇಗಳಿಲ್ಲ. ಬೂದಿ ಬಣ್ಣದ ಅಂಬಲಿ ಇತ್ತು. ರಟ್ಟು ನೀರಿಗೆ ಬಿದ್ದರೆ ಏನಾಗುತ್ತದೆಂದು ತಮ್ಮ ಪ್ರಿಂಟಿನಲ್ಲಿ ಒಂದಕ್ಷರವೂ ಇರಲಿಲ್ಲ. ಮೊಟ್ಟೆಯ ಟ್ರೇಯನ್ನು ಮಡಿ ಮಾಡಲು ಹೊರಟವರು ತಮ್ಮ ಅನುಭವಕ್ಕೆ ಬಂದಿರಲಿಕ್ಕಿಲ್ಲ.

ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ನಾಲ್ಕು ವರ್ಷದ ಸುಷ್ಮಿತಾ ಬಂದು ಬಾನಿಗೆ ಮೊಣಕೈವರೆಗೆ ಕೈ ಇಳಿಸಿದಳು. ಒಂದು ಮುದ್ದೆ ತೆಗೆದಳು, ಹಿಂಡಿದಳು, ಕಲ್ಲಿನ ಮೇಲೆ ತಟ್ಟಿದಳು. ಹತ್ತು ನಿಮಿಷದಲ್ಲಿ ಇಪ್ಪತ್ತೆರಡು ಮಕ್ಕಳೂ ಬಾನಿಯ ಸುತ್ತ. ಆ ಹಿಟ್ಟಿನಿಂದ ಎತ್ತುಗಳು ಬಂದವು, ಒಲೆ ಬಂತು, ಬಸ್ಸು ಬಂತು, ಅಜ್ಜನ ಮೂಗು ಎಂದು ಒಂದು ಬದನೆಕಾಯಿ ಬಂತು. ಒಬ್ಬ ಹುಡುಗ ಅಂಗಳಕ್ಕೆ ಅಡ್ಡಲಾಗಿ ಗೋಡೆ ಕಟ್ಟಿ, ಬಾನಿಯ ನೀರು ನಿಲ್ಲಿಸಿ, "ಇದು ಮಾರಿಕಣಿವೆ ಡ್ಯಾಮು, ಯಾರೂ ತುಳೀಬ್ಯಾಡ್ರಿ" ಎಂದು ಕಾವಲು ಕೂತ. ನನ್ನ ಕೈಗೂ ಒಂದು ಮುದ್ದೆ ಕೊಟ್ಟು ಸುಷ್ಮಿತಾ, "ಏ ಅಜ್ಜ, ಹಂಗಲ್ಲ, ಹಿಂಡು! ಇನ್ನಾ ಹಿಂಡು!" ಎಂದು ಗದರಿದಳು. ಊಟದ ಹೊತ್ತಾದರೂ ಒಬ್ಬರೂ ಮನೆಗೆ ಹೋಗುತ್ತೇನೆಂದು ಅಳಲಿಲ್ಲ. ಈ ನಾಲ್ಕು ತಿಂಗಳಲ್ಲಿ ಅಂಥ ದಿನ ಅದೊಂದೇ.

ಶೋಭಾರಾಣಿ ಮೇಡಂ ಬಂದದ್ದೂ ಆಗಲೇ. ನೋಡಿದರು, ನಕ್ಕರು, ಬ್ಯಾಗನ್ನು ಎಮ್ಮೆಯ ಗೂಟಕ್ಕೆ ನೇತುಹಾಕಿ, ತಾವೂ ಒಂದು ಮುದ್ದೆ ತೆಗೆದುಕೊಂಡು ಕುಕ್ಕರುಗಾಲಿನಲ್ಲಿ ಕೂತು ಗಿಣಿ ಮಾಡಿದರು. ಗಿಣಿ ಚೆನ್ನಾಗಿಯೇ ಬಂತು. ಆಮೇಲೆ ಕೈ ತೊಳೆದು, ವಹಿ ತೆರೆದು, ಮೊದಲಿನ ಅಧಿಕಾರಿಣಿಯಾದರು. "ಬಾಳ ಚೆನ್ನಾಗೈತೆ ಕಾವ್ಯ. ಇದರ ಪ್ರಿಂಟ್ ಕೊಡಮ್ಮ." ಪ್ರಿಂಟ್ ಇಲ್ಲ, ಇದು ತಾನಾಗಿಯೇ ಆದದ್ದು ಎಂದಳು ಕಾವ್ಯ. "ಹಂಗಾದ್ರೆ ಹೆಂಗೆ? ಇಂಟರ್‌ನೆಟ್‌ನಾಗೆ ಇಲ್ದಿರೋ ಆಟಾನ ನಾನು ಹೆಂಗೆ ಬರ್ಕಳ್ಲಿ? ಆಡಿದ್ದು ಮುಖ್ಯ ಅಲ್ಲ, ಪ್ರಿಂಟು ಮುಖ್ಯ. ಇಪ್ಪತ್ತನೇ ತಾರೀಖಿಗೆ ಬರ್ತೀನಿ." ಹತ್ತನೇ ಮನೆ ಖಾಲಿ ಬಿಟ್ಟು ಹೊರಟುಹೋದರು. ಗಿಣಿಯನ್ನು ಮಾತ್ರ ಎಲೆಯಲ್ಲಿ ಸುತ್ತಿಕೊಂಡು ಒಯ್ದರು.

ಶನಿವಾರ ತಮ್ಮ ಬಾಗಿಲಿಗೆ ಬಂದು, ಮೊಟ್ಟೆಯ ಟ್ರೇಯನ್ನು ಸೀಗೆಪುಡಿಯಲ್ಲಿ ನೆನೆಸಿ ಆಡುವ ಆಟವನ್ನು ಕೊಡಿರೆಂದು ಕೇಳಿದೆ. ತಾವು ಒಂದು ಗಳಿಗೆ ಪರದೆಯ ಮೇಲೆ ಮರಳು ಗಡಿಯಾರ ಉರುಳಿಸಿ, ಅಂಥದ್ದು ಯಾವುದೂ ಇಲ್ಲ ಎಂದಿರಿ. ಇಲ್ಲವೇ? ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಇದೆ! ಮಾರುತೇಶ ಸಮಾಧಾನ ಹೇಳಿದ. "ಅಜ್ಜ, ಯಾರಾನ ಒಳಗೆ ಹಾಕಿದ್ರೆ ತಾನೇ ಅದು ಹೊರಗೆ ಕೊಡೋದು? ನೀವೇ ಕನ್ನಡದಾಗೆ ಒಂದು ಕಾಗದ ಬರ್ದುಕೊಡ್ರಿ, ನಾನು ಟೈಪ್ ಮಾಡಿ ಇಂಟರ್‌ನೆಟ್‌ನಾಗೆ ಹಾಕ್ತೀನಿ, ಆಮ್ಯಾಲೆ ಅದರಿಂದ್ಲೇ ಪ್ರಿಂಟು ತೆಗೀಬೋದು." ಬೀಜ ಇಲ್ಲಿಂದಲೇ ಹೋಗಬೇಕೆಂದರೆ ನಾಲ್ಕು ತಿಂಗಳು ನಾನು ಬಸ್ಸಿನಲ್ಲಿ ಕುಲುಕಾಡಿದ್ದು ಯಾವ ಸುಖಕ್ಕೆ ಎಂದು ಕೇಳಬೇಕೆನಿಸಿತು, ಆದರೆ ತಾವು ನೆಂಟರು.

ಆದ್ದರಿಂದ ನನ್ನ ಸಣ್ಣ ಬೇಡಿಕೆಗಳು. ಹಿಮ ಬೇಕಾಗುವ ಆಟ ಕಳಿಸಿದರೆ ಜೊತೆಗೆ ಒಂದು ಬುಟ್ಟಿ ಹಿಮ ಕಳಿಸಬೇಕು. ಮೊಟ್ಟೆಯ ವಿಷಯ ಎತ್ತುವ ಮೊದಲು ಮನೆಯವರ ಆಚಾರ ವಿಚಾರಿಸಬೇಕು. ಶಿವಯ್ಯನವರ ಹೊಟ್ಟೆ ಸರಿಹೋಗಿದೆಯೆಂದು ಅವರಿಗೆ ತಾವೇ ಒಂದು ಪ್ರಿಂಟು ಕಳಿಸಬೇಕು, ನನ್ನ ಮಾತನ್ನು ಅವರು ನಂಬರು. ಬಿಡುವಾದಾಗ ತಾವೇ ಮಾಡದಕೆರೆಗೆ ಬಂದು ಪಡಸಾಲೆಯಲ್ಲಿ ಒಂದು ದಿನ ಕೂರಬೇಕು. ಮಂಡಕ್ಕಿ ಮೆಣಸಿನಕಾಯಿ ಮಾಡಿಸುತ್ತೇನೆ. ಮತ್ತು ಕೆಳಗಿನ ನಾಲ್ಕು ಸಾಲನ್ನು ದಯವಿಟ್ಟು ನುಂಗಿ, ಕೇಳಿದ ಕೂಡಲೇ ಉಗುಳಬೇಕು.

ಆಟ: ಟ್ರೇ ಹಿಟ್ಟು. ವಯಸ್ಸು: ಮೂರರಿಂದ ಎಪ್ಪತ್ತೊಂದು. ಬೇಕಾಗುವ ಸಾಮಗ್ರಿ: ಹನ್ನೆರಡು ಟ್ರೇ, ಕಲ್ಲುಬಾನಿ, ಸೀಗೆಪುಡಿ, ಹಟಮಾರಿ ಅಜ್ಜಿ ಒಬ್ಬಳು. ವಿಧಾನ: ನೆನೆಸಿ, ಹೊರಟುಹೋಗಿ. ಉಳಿದದ್ದನ್ನು ಮಕ್ಕಳು ಹೇಳುತ್ತಾರೆ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಈರಬಸಪ್ಪ

ತಾ.ಕ.: ಶೋಭಾರಾಣಿ ಮೇಡಂ, ಈಗ ತಮ್ಮ ಕೈಯಲ್ಲಿರುವುದು ಇಂಟರ್‌ನೆಟ್ಟಿನಿಂದ ಬಂದ ಪ್ರಿಂಟು. ಬೇಕಾದರೆ ಮೂರನೇ ನಂಬರಿನವರನ್ನೇ ವಿಚಾರಿಸಿ, ಅವರು ಸುಳ್ಳು ಹೇಳುವವರಲ್ಲ. ವಹಿಯಲ್ಲಿ ಹತ್ತನೇ ಮನೆ ಖಾಲಿ ಇದೆ, ಪೆನ್ನು ಕಾವ್ಯಳ ಹತ್ತಿರ ಇದೆ. ರುಜು ಹಾಕಿ. ಗಿಣಿ ಒಣಗಿದ ಮೇಲೆ ಬಾಲ ಮುರಿಯುತ್ತದಂತೆ, ಸುಷ್ಮಿತಾ ಹೇಳಿದಳು; ನೀರು ಮುಟ್ಟಿಸಿ ಸರಿಮಾಡಿಕೊಳ್ಳಬಹುದು. ಅದಕ್ಕೆ ಪ್ರಿಂಟು ಬೇಕಾಗುವುದಿಲ್ಲ.