ಹಗ್ಗದ ಇನ್ನೊಂದು ತುದಿ

ನಮ್ಮ ಸೋದರಮಾವ ಸಿನಿಮಾದಲ್ಲಿದ್ದಾರೆ. ಹಾಗಂತ ಅವರ ಮುಖ ಹುಡುಕಲು ಹೋಗಬೇಡಿ, ಸಿಗುವುದಿಲ್ಲ! ಮುಖವಿರಲಿ, ಅವರ ಅಂಗಿಯ ಗುಂಡಿಯೂ ಪರದೆಯ ಮೇಲೆ ಬಂದಿಲ್ಲ. ಆದರೂ ಶನಿವಾರಸಂತೆಯ ಅವರ ಮನೆಗೆ ಹೋದವರು ಕಾಫಿ ಕುಡಿಯದೆ ಬರಬಹುದು, ಗೀರುಬಿದ್ದ ಆ ಸಿ.ಡಿ. ನೋಡದೆ ಬರುವಂತಿಲ್ಲ.

ಅದರಲ್ಲಿ ನಾಯಕ ಆಕಾಶದಲ್ಲಿ ಹಾರಿಬಂದು ದುಷ್ಟರನ್ನು ಬಡಿಯುತ್ತಾನೆ. ಬಡಿದಾಗ ಜೈಲಿನ ಕಲ್ಲುಗೋಡೆ ಒಣಹಾಕಿದ ಪಂಚೆಯಂತೆ ಅಲುಗುತ್ತದೆ. ಅವನ ಬೆನ್ನ ಮೇಲಿನ ಕೆಂಪು ಹೊದಿಕೆ ಯಾರದೋ ಮನೆಯ ಕಿಟಕಿ ಪರದೆಯೆಂದೇ ನನ್ನ ಅನುಮಾನ. ಹಾರುವಾಗ ಮಹಾಶಯ ಕಣ್ಣು ಮುಚ್ಚಿಕೊಂಡಿರುತ್ತಾನೆ. ಲೋಕ ಕಾಪಾಡುವವನಿಗೇ ಅಷ್ಟು ಭಯವಾದರೆ ನಮ್ಮ ಗತಿಯೇನು? ಇದೆಲ್ಲ ಸಾಲದೆಂಬಂತೆ, ಸೊಂಟಕ್ಕೆ ಕಟ್ಟಿದ ಹಗ್ಗ ಎದ್ದು ಕಾಣುತ್ತದೆ. ಅದು ಕಂಡ ಕೂಡಲೇ ಮಾವ ಎದ್ದು ನಿಲ್ಲುತ್ತಾರೆ.

"ನಿಲ್ಸು, ನಿಲ್ಸು! ಅದೇ ಕಣ್ಲಾ ನಾನು!"

"ಎಲ್ಲಿ ಮಾವ?"

"ಆ ಹಗ್ಗದ ಇನ್ನೊಂದು ತುದೀಲಿ!"

ಕಾಫಿ ತೋಟದ ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಕೆಳಗಿನ ಗಿಡ ಮುರಿಯದಂತೆ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸುವುದು ಮಾವನ ಕೆಲಸವಾಗಿತ್ತು. ಚಿತ್ರದವರು ತೋಟಕ್ಕೆ ಬಂದಾಗ ಕೊಂಬೆಯ ಜಾಗಕ್ಕೆ ನಾಯಕ ಬಂದ, ಅಷ್ಟೇ.

ನನಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ, "ತಾವೇನು ಮಾಡ್ತಿದ್ರಿ?" ಎಂದು ಮಾವನನ್ನು ಕೇಳಿದರು. "ಹೀರೋನ ಹಾರಿಸ್ತಿದ್ದೆ" ಎಂದುಬಿಟ್ಟರು ಮಾವ! ನಾನು ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತಲಿಲ್ಲ. ತಾನು ಒಪ್ಪಿದ್ದು ಮಾವನನ್ನು ನೋಡಿ ಎಂದು ನನ್ನವಳು ಈಗಲೂ ಹೇಳುತ್ತಾಳೆ. ನನಗೆ ಮಾತ್ರ ನಾಚಿಕೆ ಹೋಗಲಿಲ್ಲ. ಬೀಗರು ಬಂದಾಗಲೆಲ್ಲ, ಹಗ್ಗ ಬರುವ ಹೊತ್ತಿಗೆ ಸರಿಯಾಗಿ ನನಗೆ ಬಾಯಾರಿಕೆಯಾಗಿ ಅಡುಗೆಮನೆ ಸೇರುತ್ತಿದ್ದೆ. "ಹಗ್ಗ ಹೋಯ್ತು, ಬಾರೋ" ಎಂದು ಮಾವನ ಹೆಂಡತಿ, ನಮ್ಮ ಅತ್ತೆ, ನಗುತ್ತಾ ಕರೆಯುತ್ತಿದ್ದರು.

ಈ ಸಲದ ಗೌರಿ ಹಬ್ಬಕ್ಕೆ ನಾನೊಂದು ಜಾಣತನ ಮಾಡಿದೆ. ಅದೇ ಸಿನಿಮಾದ ಹೊಸ ಪ್ರತಿ ಇಂಟರ್‌ನೆಟ್ಟಿನಲ್ಲಿ ಸಿಕ್ಕಿತ್ತು. ಬಣ್ಣ ತಿದ್ದಿ, ಹಗ್ಗವನ್ನು ಪೂರ್ತಿ ಅಳಿಸಿದ್ದರು. ಮಾವನ ಮನೆಯಲ್ಲಿ ಬೀಗರನ್ನೆಲ್ಲ ಕೂರಿಸಿ, ಹೆಮ್ಮೆಯಿಂದ ಟಿವಿಗೆ ಹಾಕಿದೆ. ನಾಯಕ ಹಾರಿದ. ಮಾವ ಎಂದಿನಂತೆ ಎದ್ದು ಕೈಚಾಚಿದರು. ತೋರಿಸಲು ಅಲ್ಲಿ ಏನೂ ಇರಲಿಲ್ಲ.

"ಹಗ್ಗ ಎಲ್ಲೋಯ್ತು?"

"ಅಳಿಸಿದ್ದಾರೆ ಮಾವ. ಈಗ ನೀಟಾಗಿದೆ ಅಲ್ವಾ?"

ಮಾವ ಟಿವಿ ನೋಡಿದರು. ತಮ್ಮ ಅಂಗೈ ನೋಡಿಕೊಂಡರು. "ಹಂಗಾರೆ ಅವ್ನು ತಾನೇ ಹಾರಿದ್ನಾ?"

ಭೂಮಿ ಬಾಯ್ಬಿಡಬಾರದೇ ಎನ್ನಿಸಿತು ನನಗೆ. ಇಷ್ಟು ವರ್ಷ ಆ ಹಗ್ಗಕ್ಕೆ ನಾಚಿಕೊಂಡವನು ಅಂದು ನನ್ನ ಬಗ್ಗೆಯೇ ನಾಚಿಕೊಂಡೆ. ಮಾವ ಮೆಲ್ಲಗೆ ಕುಳಿತರು. ಅತ್ತೆ ಒಳಗಿಂದ ಹಳೆಯ ಸಿ.ಡಿ. ತಂದು, ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು.

"ತೆಗಿ ಅದ್ನ. ನಮ್ಮನೆಯವ್ರು ಇರೋದ್ನ ಹಾಕು."

ಹಾಕಿದೆ. ಹಗ್ಗ ಕಂಡ ಕೂಡಲೇ ನಿಲ್ಲಿಸಿ, ಬೀಗರ ಕಡೆ ತಿರುಗಿ, "ಅದೇ ನೋಡಿ, ನಮ್ಮ ಮಾವ" ಎಂದೆ. ಅಡುಗೆಮನೆಗೆ ಹೋಗಲಿಲ್ಲ. ಈ ಸಲ ನಿಜವಾಗಿಯೂ ನೀರು ಬೇಕಿತ್ತು.