ಕಿಟಕಿಯ ಹೊರಗೆ ಎರಡು ವೈರು

ನಾನು ಸಂಖ್ಯಾಶಾಸ್ತ್ರ ಓದಿದವಳು. ಇದನ್ನು ನಾನಾಗಿಯೇ ಯಾರಿಗೂ ಹೇಳಿಕೊಳ್ಳುವುದಿಲ್ಲ. ನನ್ನ ಬಗ್ಗೆ ಬೇರೆಯವರಿಗೆ ಎಷ್ಟು ಕಡಿಮೆ ಗೊತ್ತಿದ್ದರೆ ಅಷ್ಟು ನೆಮ್ಮದಿ ಎನ್ನುವ ಸ್ವಭಾವ ನನ್ನದು. ಆದರೆ ಸಾಗರದ ನಮ್ಮ ಬೀದಿಯಲ್ಲಿ ಈಗ ಈ ಸಂಗತಿ ಗೊತ್ತಿಲ್ಲದವರು ಯಾರೂ ಉಳಿದಿಲ್ಲ. ನೀವು ಮಾತ್ರ ಯಾಕೆ ವಂಚಿತರಾಗಬೇಕು!

ನನ್ನ ಗಂಡ ಅಜಿತನನ್ನು ಬ್ಯಾಂಕಿನವರು ಹೊಸನಗರದಿಂದ ಸಾಗರಕ್ಕೆ ವರ್ಗ ಮಾಡಿದರು. ಗಿರಿಜಮ್ಮ ಎಂಬುವವರ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಹಾಲು ಉಕ್ಕಿಸಿದ ದಿನವೇ ನಾವಿಬ್ಬರೂ ಖಾತೆಗಳನ್ನು ಹಂಚಿಕೊಂಡೆವು. ಗ್ಯಾಸು, ಹಾಲು, ನೀರು ಅಜಿತನಿಗೆ. ಟಿವಿ ಮತ್ತು ಇಂಟರ್ನೆಟ್ ನನಗೆ.

"ನಿನ್ನ ಕೈಲಿ ಆಗುತ್ತಾ? ಜನರ ಹತ್ತಿರ ಮಾತಾಡಬೇಕಾಗುತ್ತೆ" ಎಂದ ಅಜಿತ.

"ಈ ಬೀದಿಯಲ್ಲಿ ಇರುವುದು ಎರಡೇ ಕಂಪನಿ. ಎರಡರಲ್ಲಿ ಒಂದನ್ನು ಆರಿಸುವುದಕ್ಕೆ ವಿಶ್ವವಿದ್ಯಾಲಯದಲ್ಲಿ ನನಗೆ ಒಂದು ಇಡೀ ವರ್ಷ ಪಾಠ ಮಾಡಿದ್ದಾರೆ" ಎಂದೆ.

ನನಗೆ ಅವಸರವೂ ಇತ್ತು. ಮುಂದಿನ ಸೋಮವಾರ ಬೆಳಿಗ್ಗೆ ನನಗೊಂದು ಸಂದರ್ಶನವಿತ್ತು. ಆನ್‌ಲೈನಿನಲ್ಲಿ. ಸಣ್ಣ ವ್ಯಾಪಾರಿಗಳ ಲೆಕ್ಕ ನೋಡಿ, ಯಾವ ತೀರ್ಮಾನ ಲಾಭ ತರುತ್ತದೆ ಎಂದು ಅವರಿಗೆ ಕನ್ನಡದಲ್ಲೇ ಸಲಹೆ ಕೊಡುವ ಕೆಲಸ. ಮನೆಯಲ್ಲೇ ಕೂತು ಮಾಡಬಹುದು. ಎರಡು ವರ್ಷದಿಂದ ಇಂಥದ್ದಕ್ಕಾಗಿಯೇ ಕಾದಿದ್ದೆ. ಹಿಂದಿನ ಸಲ ಒಂದು ಸಂದರ್ಶನದಲ್ಲಿ ಬಿದ್ದಾಗ ತೀರ್ಥಹಳ್ಳಿಯ ಅತ್ತೆಯಿಂದ ಹಿಡಿದು ಅವರ ಪಕ್ಕದ ಮನೆಯವರವರೆಗೆ ಎಲ್ಲರಿಗೂ ಕಾರಣ ವಿವರಿಸಬೇಕಾಗಿತ್ತು. ಆದ್ದರಿಂದ ಈ ಸಲ ಅಜಿತನನ್ನು ಬಿಟ್ಟು ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಹೊಸ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಿದ್ದದ್ದು ಅಡುಗೆಮನೆಯ ಕಿಟಕಿಯಿಂದ ಕೈ ಹೊರಗೆ ಚಾಚಿದಾಗ ಮಾತ್ರ. ಬಸ್ಸು ನಿಲ್ಲಿಸುವ ಭಂಗಿಯಲ್ಲಿ ಸಂದರ್ಶನ ಕೊಡಲಾಗುವುದಿಲ್ಲ. ಇಂಟರ್ನೆಟ್ ಬೇಕೇ ಬೇಕು!

ನಮ್ಮ ಬೀದಿಗೆ ಕನೆಕ್ಷನ್ ಕೊಡುವವರು ಇಬ್ಬರು. ನಾಗೇಶಣ್ಣ, ಹಳೆಯ ಕೇಬಲ್ಲಿನವರು, ಈಗ ಟಿವಿಯ ಜೊತೆ ನೆಟ್ಟನ್ನೂ ಕೊಡುತ್ತಾರೆ. ರಫೀಕಣ್ಣ, ಹೊಸದಾಗಿ ಫೈಬರ್ ಎಳೆದವರು, ನೆಟ್ಟಿನ ಜೊತೆ ಟಿವಿಯನ್ನೂ ಕೊಡುತ್ತಾರೆ. ಯಾರದು ಉತ್ತಮ? ಊಹೆಗೆ ಅವಕಾಶ ಕೊಡಬಾರದು. ನಾನು ಸಮೀಕ್ಷೆ ನಡೆಸಲು ತೀರ್ಮಾನಿಸಿದೆ.

ಮೊದಲ ಮನೆ ಎದುರಿನ ಲಲಿತಕ್ಕನದು. ಒಳಗೆ ಕಾಲಿಡುವ ಮೊದಲೇ ಕೋಡುಬಳೆ ಬಂತು.

"ನಮ್ದು ನಾಗೇಶಂದು. ಅವ ನನ್ನ ತಂಗಿಯ ಮೈದುನ" ಎಂದರು ಲಲಿತಕ್ಕ.

"ಸ್ಪೀಡ್ ಹೇಗಿದೆ?"

"ಪಾಪ, ಒಳ್ಳೇ ಹುಡುಗ."

"ಅಲ್ಲ, ನೆಟ್ಟು..."

"ಕುಡಿಯೋದಿಲ್ಲ, ಇಸ್ಪೀಟಿಲ್ಲ. ಇನ್ನೊಂದು ಕೋಡುಬಳೆ ತಗೊಳ್ಳಿ."

ಮೂಲೆಮನೆಯ ಶಾರದಮ್ಮನವರದು ರಫೀಕಣ್ಣನ ಲೈನು. ಅವರಾದರೂ ತಾಂತ್ರಿಕವಾಗಿ ಉತ್ತರಿಸಿಯಾರು ಎಂಬ ಆಸೆಯಿಂದ ಕೇಳಿದೆ.

"ನಮ್ಮತ್ತೆ ಎದೆ ಹಿಡ್ಕೊಂಡು ಕೂತ್ಬಿಟ್ರು ನೋಡಿ ಒಂದಿನ. ಒಂದು ಆಟೋ ಸಿಗ್ಲಿಲ್ಲ. ರಫೀಕೇ ಅವ್ನ ಗಾಡೀಲಿ ಕರ್ಕೊಂಡ್ಹೋದ."

"ಹೌದಾ, ಪಾಪ. ಮತ್ತೆ ಸ್ಪೀಡು?"

"ಅದನ್ನೇ ಹೇಳ್ತಿರೋದು! ಆಸ್ಪತ್ರೆಗೆ ಎಷ್ಟು ಬೇಗ ಮುಟ್ಸಿದ ಅಂತೀರಿ!"

ಕೊನೆಗೆ, ಮಂಗಗಳು ಯಾರ ವೈರನ್ನು ಹೆಚ್ಚು ಹರಿಯುತ್ತವೆ ಎಂದಾದರೂ ತಿಳಿದುಕೊಳ್ಳೋಣ ಎಂದು ಗಿರಿಜಮ್ಮನನ್ನೇ ಕೇಳಿದೆ. "ಮಂಗಕ್ಕೆ ಆ ಭೇದಭಾವ ಎಲ್ಲ ಇಲ್ಲ ಮಾರಾಯ್ತಿ" ಎಂದರು. ನನಗೆ ಸಿಕ್ಕ ಒಂದೇ ಒಂದು ನಿಖರವಾದ ಮಾಹಿತಿ ಅದು.

ಈ ಸಮೀಕ್ಷೆಯಲ್ಲಿ ಒಂದು ಸಣ್ಣ ದೋಷ ನುಸುಳಿತ್ತು. ಒಬ್ಬರ ಮನೆಯಲ್ಲಿ ತಿಂದು, ಎದ್ದು ಬರುವಾಗ ಅವರ ಕೇಬಲ್ಲಿನ ಬಗ್ಗೆ ಯೋಚಿಸಿ ಹೇಳುತ್ತೇನೆ ಎನ್ನುವುದು ನನ್ನಿಂದಾಗದು. ನಮ್ಮ ಕಡೆ ಹಾಗೆ ಬೆಳೆಸುವುದಿಲ್ಲ. ಆದ್ದರಿಂದ ಲಲಿತಕ್ಕನಿಗೆ "ನಾಗೇಶಣ್ಣನದೇ ಒಳ್ಳೆಯದು ಅನ್ನಿಸುತ್ತೆ" ಎಂದಿದ್ದೆ. ಶಾರದಮ್ಮನವರಿಗೆ "ರಫೀಕಣ್ಣನದನ್ನೇ ಹಾಕಿಸೋಣ ಅಂತ" ಎಂದಿದ್ದೆ. ಎರಡೂ ಮಾತು ನಾನು ಮನೆ ತಲುಪುವ ಮೊದಲೇ ತಲುಪಬೇಕಾದಲ್ಲಿಗೆ ತಲುಪಿದ್ದವು. ಆ ಬೀದಿಯಲ್ಲಿ ಅತಿ ವೇಗದ ಸಂಪರ್ಕ ಯಾವುದು ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಮರುದಿನ ಬೆಳಿಗ್ಗೆ ನಾಗೇಶಣ್ಣ ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದರು. "ನಮ್ದೇ ಬೇಕು ಅಂದ್ರಂತೆ, ಅತ್ತಿಗೆ ಹೇಳಿದ್ರು" ಎನ್ನುತ್ತಾ ಕಂಬದಿಂದ ನಮ್ಮ ಕಿಟಕಿಯವರೆಗೆ ವೈರು ಎಳೆದು, ಬಾಕ್ಸು ತರಲು ಅಂಗಡಿಗೆ ಹೋದರು. ಕೆಲಸ ಮುಗಿಯಿತು ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಕಿಟಕಿಯ ಹೊರಗೆ ಏಣಿಯ ಮೇಲೆ ಇನ್ನೊಂದು ಮುಖ ಕಾಣಿಸಿತು. ರಫೀಕಣ್ಣ!

"ಮೇಡಂ, ಶಾರದಮ್ಮೋರು ಹೇಳಿದ್ರು. ವೈರು ಎಳ್ದಾಯ್ತು. ಇಲ್ಲೊಂದು ತೂತು ಹೊಡೀಲಾ?"

ಆಗ ನಾನು ಹೇಳಬೇಕಾಗಿದ್ದದ್ದು, "ಕ್ಷಮಿಸಿ, ಈಗಾಗಲೇ ಬೇರೆಯವರಿಗೆ ಹೇಳಿದ್ದೇನೆ" ಎಂದು. ಹೇಳಿದ್ದು, "ಕಾಫಿ ಕುಡೀತೀರಾ?" ಎಂದು.

ರಫೀಕಣ್ಣ ಕಾಫಿ ಕುಡಿಯುತ್ತಿರುವಾಗಲೇ ನಾಗೇಶಣ್ಣ ಬಾಕ್ಸು ಹಿಡಿದು ಮೆಟ್ಟಿಲು ಹತ್ತಿ ಬಂದರು. ನಾನು ಲೋಟಗಳನ್ನು ಒಳಗೆ ಸಾಗಿಸಿ ಯುದ್ಧಕ್ಕೆ ಸಿದ್ಧಳಾದೆ. ಯುದ್ಧವಾಗಿದ್ದರೆ ಒಳ್ಳೆಯದಿತ್ತು. ಯಾರಾದರೂ ಒಬ್ಬರು ಗೆಲ್ಲುತ್ತಿದ್ದರು.

"ಓ ರಫೀಕ್, ನೀನಾ? ನಿಂಗೆ ಹೇಳಿದಾರೆ ಅಂತ ನಂಗೆ ಗೊತ್ತಿರ್ಲಿಲ್ಲ ಮಾರಾಯ. ನೀನೇ ಹಾಕು."

"ಎಂತ ಮಾತು ನಾಗೇಶಣ್ಣ! ನೀವು ಮೊದ್ಲು ಬಂದೋರು. ನಿಮ್ಮ ಗಿರಾಕಿನ ನಾ ಮುಟ್ತೀನಾ?"

"ಇಲ್ಲಿಲ್ಲ, ಏಣಿ ಹತ್ತಿದೀಯ, ನೀನೇ ಹಾಕು."

"ಛೆ ಛೆ, ಬಾಕ್ಸು ತಂದಿದೀರ, ನೀವೇ ಹಾಕಿ."

ಮದುವೆಮನೆಯಲ್ಲಿ ಇಬ್ಬರು ನೆಂಟರು "ನೀವು ಮೊದಲು ಕೂತ್ಕೊಳ್ಳಿ", "ಇಲ್ಲ ನೀವು" ಎನ್ನುತ್ತಾ ನಿಂತು ಪಂಕ್ತಿಯೇ ಮುಗಿದುಹೋಗುವುದನ್ನು ನೋಡಿದ್ದೇನೆ. ಇಲ್ಲಿ ಖಾಲಿ ಉಳಿದ ಎಲೆ ನನ್ನದಾಗಿತ್ತು. ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಇಳಿದು ಹೋದರು. ಬಾಕ್ಸೂ ಹೋಯಿತು, ಏಣಿಯೂ ಹೋಯಿತು. ಕಿಟಕಿಯ ಹೊರಗೆ ಎರಡು ವೈರುಗಳು ಮಾತ್ರ ಅಕ್ಕಪಕ್ಕದಲ್ಲಿ ತೂಗಾಡುತ್ತಾ ಉಳಿದವು.

ನಾಗೇಶಣ್ಣನಿಗೆ ಫೋನ್ ಮಾಡಿದರೆ "ರಫೀಕ್ ಬರ್ತಾನಲ್ಲಮ್ಮ" ಎಂದರು. ರಫೀಕಣ್ಣನಿಗೆ ಮಾಡಿದರೆ "ನಾಗೇಶಣ್ಣ ಬೇಜಾರು ಮಾಡ್ಕೋತಾರೆ ಮೇಡಂ" ಎಂದರು. ಈ ಎರಡೂ ಫೋನನ್ನು ಕೈ ಕಿಟಕಿಯ ಹೊರಗಿಟ್ಟು, ಸ್ಪೀಕರ್ ಹಾಕಿಕೊಂಡು, ಬೀದಿಗೆಲ್ಲ ಕೇಳುವಂತೆ ಮಾಡಿದ್ದೆ ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

"ಒಬ್ಬರ ಹೆಸರು ಹೇಳಿಬಿಡು, ಬಂದು ಹಾಕ್ತಾರೆ" ಎಂದ ಅಜಿತ.

"ಹೇಗೆ ಹೇಳಲಿ? ರಫೀಕಣ್ಣ ಅಂದ್ರೆ ಲಲಿತಕ್ಕನ ಮುಖ ನೋಡೋ ಹಾಗಿಲ್ಲ. ಕೋಡುಬಳೆ ತಿಂದಿದ್ದೇನೆ."

"ಹಾಗಾದ್ರೆ ನಾಗೇಶಣ್ಣ ಅನ್ನು."

"ಶಾರದಮ್ಮನವರ ಅತ್ತೆ ಇನ್ನೂ ಬದುಕಿದ್ದಾರೆ!"

"ನಾಣ್ಯ ಚಿಮ್ಮು."

"ನಾನು ಸಂಖ್ಯಾಶಾಸ್ತ್ರ ಓದಿದವಳು!"

"ಅದಕ್ಕೇ ಹೇಳಿದ್ದು."

ಶನಿವಾರ ಬಂತು. ನಾನು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ನಡೆದೆ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಒಂದು ಮಂಗ ಬಂದು ಎರಡು ವೈರುಗಳನ್ನೂ ಒಂದೊಂದು ಕೈಯಲ್ಲಿ ಹಿಡಿದು, ಬಹಳ ಹೊತ್ತು ಹೋಲಿಸಿ ನೋಡಿ, ಎಡಗಡೆಯದನ್ನು ಆರಿಸಿ ಜೋಕಾಲಿಯಾಡಿ ಹೋಯಿತು. ಅಸೂಯೆಯಾಯಿತು.

ನನ್ನ ಹೆಜ್ಜೆಸಪ್ಪಳ ಕೇಳಲಾರದೆ ಗಿರಿಜಮ್ಮ ಮೇಲೆ ಬಂದರು. "ಎಂತಕ್ಕೆ ಹೀಗೆ ಓಡಾಡ್ತೀರಿ? ನೆಟ್ಟು ತಾನೇ? ನಮ್ದೇ ಹಾಕ್ಕೊಳ್ಳಿ" ಎಂದು ತಮ್ಮ ಮನೆಯ ವೈಫೈ ಪಾಸ್‌ವರ್ಡ್ ಹೇಳಿದರು. "ಎಂತ ಅಷ್ಟು ಅರ್ಜೆಂಟು?"

"ಏನಿಲ್ಲ, ಸುಮ್ಮನೆ" ಎಂದೆ. ಗುಟ್ಟು ಭದ್ರವಾಗಿತ್ತು.

ಭಾನುವಾರ ಮಧ್ಯಾಹ್ನ ಅಜಿತ ಅಮ್ಮನನ್ನು ನೋಡಲು ತೀರ್ಥಹಳ್ಳಿಗೆ ಹೋದ. ಇದೇ ಸಮಯವೆಂದು ನಾನು ಬಾಗಿಲು ಹಾಕಿಕೊಂಡು ಸಂದರ್ಶನದ ತಾಲೀಮು ಆರಂಭಿಸಿದೆ. ಖಂಡಿತ ಕೇಳುವ ಪ್ರಶ್ನೆಯೊಂದಿರುತ್ತದೆ: ನೀವು ಇತ್ತೀಚೆಗೆ ಮಾಹಿತಿಯ ಆಧಾರದ ಮೇಲೆ ಕೈಗೊಂಡ ಒಂದು ತೀರ್ಮಾನ ಹೇಳಿ. ಇತ್ತೀಚೆಗೆ ನಾನು ಕೈಗೊಳ್ಳಬೇಕಾಗಿದ್ದ ತೀರ್ಮಾನ ಒಂದೇ. ಸ್ವಲ್ಪ ತಿದ್ದಿದರೆ ಸಾಕು. ಫೋನನ್ನು ಎದುರಿಗಿಟ್ಟು, ನನ್ನ ಉತ್ತರವನ್ನು ವಿಡಿಯೋ ಮಾಡಿಕೊಂಡೆ.

"ನಾವು ಇತ್ತೀಚೆಗೆ ಮನೆ ಬದಲಾಯಿಸಿದೆವು. ಇಂಟರ್ನೆಟ್ ಯಾರಿಂದ ಪಡೆಯಬೇಕೆಂಬ ಪ್ರಶ್ನೆ ಎದುರಾಯಿತು. ನೆರೆಹೊರೆಯವರ ಅಭಿಪ್ರಾಯ ಸಂಗ್ರಹಿಸಿದೆ. ಅವು ಕೇವಲ ಭಾವನಾತ್ಮಕವಾಗಿದ್ದುದರಿಂದ ಬದಿಗಿರಿಸಿದೆ. ಯಾರ ಮುಲಾಜಿಗೂ ಒಳಗಾಗದೆ, ಒಂದೇ ದಿನದಲ್ಲಿ ಖಚಿತ ತೀರ್ಮಾನ ಕೈಗೊಂಡೆ."

ಚೆನ್ನಾಗಿತ್ತು! ಮುಖಭಾವ ಹೇಗಿದೆ ಎಂದು ದೊಡ್ಡದಾಗಿ ನೋಡುವ ಆಸೆಯಾಯಿತು. ಹೊಸ ಟಿವಿಗೆ ಫೋನಿನಿಂದಲೇ ಚಿತ್ರ ಕಳಿಸಬಹುದು ಎಂದು ಅಂಗಡಿಯವನು ಹೇಳಿದ್ದ. ಗುಂಡಿ ಒತ್ತಿದೆ. 'ಹಾಲ್ ಟಿವಿ' ಎಂಬ ಒಂದೇ ಹೆಸರು ಬಂತು. ನಮ್ಮ ಟಿವಿ ಹಾಲಿನಲ್ಲೇ ಇದೆ. ಅದನ್ನೇ ಒತ್ತಿದೆ. ಟಿವಿ ಕಪ್ಪಗೇ ಇತ್ತು. ಇನ್ನೊಮ್ಮೆ ಒತ್ತಿದೆ. ಕಪ್ಪು. ಫೋನಿನಲ್ಲಿ ವಾಲ್ಯೂಮ್ ಪೂರ್ತಿ ಏರಿಸಿದೆ. ಮತ್ತೆ ಒತ್ತಿದೆ. ಕೆಳಗಡೆ ಯಾವುದೋ ಧಾರಾವಾಹಿ ಜೋರಾಗಿ ಕೇಳತೊಡಗಿತು. ನಾಯಕಿ ಹೇಳಿದ್ದನ್ನೇ ಹೇಳುತ್ತಿದ್ದಾಳೆ, ಎಂಥ ಕೆಟ್ಟ ಸಂಭಾಷಣೆ ಎಂದುಕೊಂಡು ನಾಲ್ಕನೇ ಸಲ ಒತ್ತಿದೆ.

ಬಾಗಿಲು ತಟ್ಟಿದ ಸದ್ದಾಯಿತು. ಗಿರಿಜಮ್ಮ.

"ನಿಮ್ಮ ತೀರ್ಮಾನದ ವಿಷ್ಯ ನಾಲ್ಕು ಸಲ ನೋಡಿದ್ವಿ. ಮುಂದಿಂದು ಎಂತಾದ್ರೂ ಇದ್ಯಾ?"

ನಮ್ಮ ಟಿವಿಯನ್ನು ನಾನು ವೈಫೈಗೆ ಜೋಡಿಸಿಯೇ ಇರಲಿಲ್ಲ. ಜೋಡಣೆಯಾಗಿದ್ದದ್ದು ಗಿರಿಜಮ್ಮನವರ ಹಾಲಿನ ಟಿವಿ. ಭಾನುವಾರ ಮಧ್ಯಾಹ್ನ ಆ ಹಾಲಿನಲ್ಲಿ ಬೀದಿಯ ಮಹಿಳಾ ಸಂಘದ ಸಭೆ ನಡೆಯುತ್ತದೆ. ಗಿರಿಜಮ್ಮ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋದರು. ಗೋಡೆಯ ಅಗಲಕ್ಕೂ ನಾನೇ ಇದ್ದೆ, ಒಂದು ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು ನಿಂತುಹೋಗಿದ್ದೆ. ಎದುರಿಗೆ ಚಾಪೆಯ ಮೇಲೆ ನನ್ನ ಇಡೀ ಸಮೀಕ್ಷೆ ಕುಳಿತಿತ್ತು.

"ನಾವು ಭಾವನಾತ್ಮಕ ಅಂತೆ, ಹೌದನಾ?" ಎಂದರು ಲಲಿತಕ್ಕ. "ಕೋಡುಬಳೆ ತಿನ್ನುವಾಗ ಹೇಳ್ಲಿಲ್ಲ!"

"ಒಂದೇ ದಿನದಲ್ಲಿ ತೀರ್ಮಾನ ಮಾಡಿದ್ರಂತಲ್ಲ" ಎಂದರು ಶಾರದಮ್ಮ, ಕಿಟಕಿಯಾಚೆ ತೂಗುತ್ತಿದ್ದ ಎರಡು ವೈರುಗಳನ್ನು ನೋಡುತ್ತಾ. "ಯಾವ ದಿನ?"

ನನಗೆ ಬೇರೆ ದಾರಿಯಿರಲಿಲ್ಲ. ಸಂದರ್ಶನ, ಕೆಲಸ, ಹಿಂದೆ ಬಿದ್ದದ್ದು, ಎಲ್ಲವನ್ನೂ ಹೇಳಿಬಿಟ್ಟೆ. ಸಭೆಯ ಕಾರ್ಯಕಲಾಪ ಬದಲಾಯಿತು.

"ಅಯ್ಯೋ ಹುಚ್ಚು ಹುಡುಗಿ, ಮೊದ್ಲೇ ಹೇಳೋಕೆ ಎಂತ ಆಗಿತ್ತು?" ಎಂದರು ಲಲಿತಕ್ಕ. "ನಾಗೇಶಂಗೆ ಫೋನ್ ಮಾಡು ಗಿರಿಜಾ. ಟಿವಿ ಅವಂದು. ನೆಟ್ಟು ರಫೀಕಂದು. ಇಬ್ರೂ ನಾಳೆ ಬೆಳಿಗ್ಗೆನೇ ಬರ್ಲಿ."

"ಸರಿ" ಎಂದರು ಶಾರದಮ್ಮ. ಮುಗಿಯಿತು! ನಾನು ಒಂದು ವಾರ ಒದ್ದಾಡಿದ ಪ್ರಶ್ನೆ ಚಹಾ ಆರುವ ಮೊದಲು ಇತ್ಯರ್ಥವಾಯಿತು. ಉಳಿದ ಸಮಯವನ್ನು ಸಂಘ ನನ್ನ ವಿಡಿಯೋದ ಪರಿಶೀಲನೆಗೆ ಮೀಸಲಿಟ್ಟಿತು. ತಲೆ ಬಗ್ಗಿಸಬಾರದು. ಮೂಗು ಮುಟ್ಟಿಕೊಳ್ಳಬಾರದು. "ಆ ಸುಳ್ಳು ಹೇಳುವಾಗ ಕಣ್ಣು ಪಿಳಿಪಿಳಿ ಅಂತದೆ, ಅದನ್ನ ಬಿಡಿ" ಎಂದು ಸರ್ವಾನುಮತದ ಸಲಹೆ ಬಂತು.

ಸೋಮವಾರ ಬೆಳಿಗ್ಗೆ ನಾಗೇಶಣ್ಣ, ರಫೀಕಣ್ಣ ಒಂದೇ ಏಣಿ ತಂದರು. ಒಬ್ಬರು ಹತ್ತಿದಾಗ ಇನ್ನೊಬ್ಬರು ಹಿಡಿದುಕೊಂಡರು. ಸಂದರ್ಶನದ ಹೊತ್ತಿಗೆ ಬೀದಿಯಲ್ಲಿ ಒಂದು ಮಿಕ್ಸಿಯ ಸದ್ದೂ ಇರಲಿಲ್ಲ. ನನ್ನ ಬಾಗಿಲಿನ ಹೊರಗೆ ಮೆಟ್ಟಿಲುಗಳ ಮೇಲೆ ಮಾತ್ರ ಬಳೆಗಳ ಸದ್ದು ಆಗಾಗ ಕೇಳುತ್ತಿತ್ತು. ಗೌಪ್ಯತೆ ಕಾಪಾಡಲು ಸಂಘದವರು ಒಳಗೆ ಬಂದಿರಲಿಲ್ಲ.

ಆ ಪ್ರಶ್ನೆ ಬಂದೇ ಬಂತು. ನಾನು ಬಾಯಿಪಾಠ ಮಾಡಿದ ಉತ್ತರಕ್ಕೆ ಬಾಯಿ ತೆರೆದೆ. ಮೆಟ್ಟಿಲ ಮೇಲೆ ಯಾರೋ ಗಂಟಲು ಸರಿಪಡಿಸಿಕೊಂಡರು. ನಾನು ಬಾಯಿ ಮುಚ್ಚಿ, ಮತ್ತೆ ತೆರೆದು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಕೋಡುಬಳೆ, ಏಣಿ, ಮಂಗ, ಹಾಲ್ ಟಿವಿ, ಸಂಘದ ನಿರ್ಣಯ. ಪರದೆಯ ಮೇಲಿದ್ದ ಮೂವರೂ ಗಂಭೀರವಾಗಿ ಕೇಳಿಸಿಕೊಂಡರು. ನಡುವೆ ಕುಳಿತಿದ್ದ ಹಿರಿಯರು ಕನ್ನಡಕ ಸರಿಪಡಿಸಿಕೊಂಡರು.

"ಎಲ್ಲ ಸರಿ. ಆದರೆ ಆ ಇಬ್ಬರಲ್ಲಿ ಯಾರ ಸ್ಪೀಡು ಹೆಚ್ಚು?"

ಅಷ್ಟು ಮನೆ ಸುತ್ತಿ, ಅಷ್ಟು ತಿಂದು, ಅದೊಂದು ಮಾತ್ರ ನನಗೆ ಗೊತ್ತಿರಲಿಲ್ಲ!

ಬಾಗಿಲಿನ ಹಿಂದಿನಿಂದ ಶಾರದಮ್ಮನವರ ಧ್ವನಿ ತಡೆಯಲಾರದೆ ಹೊರಬಂತು: "ಆಸ್ಪತ್ರೆಗೆ ಎಷ್ಟು ಬೇಗ ಮುಟ್ಸಿದ ಅಂತ ಹೇಳೇ!"

ಪರದೆಯ ಮೇಲಿನ ಮೂವರೂ ನಕ್ಕದ್ದು ಸ್ವಲ್ಪವೂ ತಡೆಯಿಲ್ಲದೆ, ಸ್ಪಷ್ಟವಾಗಿ ಕೇಳಿಸಿತು. ರಫೀಕಣ್ಣನ ನೆಟ್ಟು ನಿಜಕ್ಕೂ ಚೆನ್ನಾಗಿದೆ.

ಕೆಲಸ ಸಿಕ್ಕಿತು. ಈ ಸುದ್ದಿಯನ್ನು ನಾನು ಯಾರಿಗೂ ಹೇಳುವ ಅಗತ್ಯ ಬೀಳಲಿಲ್ಲ. ಆ ಸಂಜೆ ತೀರ್ಥಹಳ್ಳಿಯಿಂದ ಅತ್ತೆಯೇ ಫೋನ್ ಮಾಡಿ ಅಭಿನಂದಿಸಿದರು. ಈಗ ದಿನವೂ ಕಿಟಕಿಯ ಪಕ್ಕದಲ್ಲಿ ಕೂತು ಅಪರಿಚಿತ ವ್ಯಾಪಾರಿಗಳಿಗೆ ದಿಟ್ಟ ತೀರ್ಮಾನಗಳ ಬಗ್ಗೆ ಸಲಹೆ ಕೊಡುತ್ತೇನೆ. ಮೊನ್ನೆ ಒಬ್ಬ ಬಟ್ಟೆ ವ್ಯಾಪಾರಿ, ತನಗೆ ಸಿಕ್ಕಿರುವ ಎರಡು ಮಳಿಗೆಗಳಲ್ಲಿ ಯಾವುದನ್ನು ಹಿಡಿಯಲಿ ಎಂದು ಕೇಳಿದ್ದಾರೆ. ಎಲ್ಲ ಅಂಕಿಅಂಶಗಳೂ ನನ್ನ ಮುಂದೆಯೇ ಇವೆ. ವಿಷಯ ಸೂಕ್ಷ್ಮವಾದದ್ದು, ಆಳವಾಗಿ ವಿಶ್ಲೇಷಿಸಬೇಕಾಗುತ್ತದೆ, ಸೋಮವಾರ ತಿಳಿಸುತ್ತೇನೆ ಎಂದು ಉತ್ತರಿಸಿದ್ದೇನೆ.

ಸಂಘದ ಸಭೆ ಇರುವುದು ಭಾನುವಾರ.