ಬೇಲಿಯೊಳಗೆ ಮಾತ್ರ ನಡೆಯುವ ದುಡ್ಡು

ಕ್ರೋಯ್ಡನ್ನಿನಲ್ಲಿರುವ ನನ್ನ ಸೋದರಮಾವ ಭಾರೀ ಶ್ರೀಮಂತರು. ಒಂದು ಕಪಾಟಿನ ತುಂಬ ನೋಟುಗಳಿವೆ. ಆದರೆ ಅಷ್ಟನ್ನೂ ಹೊತ್ತುಕೊಂಡು ಹೋದರೂ ಅಂಗಡಿಯಲ್ಲಿ ಒಂದು ಬನ್ನು ಸಿಗುವುದಿಲ್ಲ!

ಏಕೆಂದರೆ ಅವೆಲ್ಲ ಯುದ್ಧಕೈದಿಗಳ ಶಿಬಿರದ ನೋಟುಗಳು. ಮೈಸೂರಿನಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ಮಾವ ಅರಿವಳಿಕೆ ವೈದ್ಯರು. ವಾರವೆಲ್ಲ ಆಸ್ಪತ್ರೆಯಲ್ಲಿ ಜನರ ಎಚ್ಚರ ತಪ್ಪಿಸುತ್ತಿದ್ದರು. ಭಾನುವಾರ ಮನೆಗೆ ಬಂದ ನೆಂಟರಿಗೆ ಅದೇ ಸೇವೆಯನ್ನು ಈ ನೋಟುಗಳ ಆಲ್ಬಮ್ ತೆರೆದು ಒದಗಿಸುತ್ತಿದ್ದರು.

ಕೆಲಸದ ವೀಸಾದ ಮೇಲೆ ಬಂದು ಲಂಡನ್ನಿನ ಇನ್ನೊಂದು ತುದಿಯ ಕೊಲಿಂಡೇಲಿನಲ್ಲಿ ರೂಮು ಹಿಡಿದ ಹೊಸದರಲ್ಲಿ ನಾನೂ ಒಮ್ಮೆ ಸಿಕ್ಕಿಬಿದ್ದೆ. ನಾನು ಹೋದದ್ದು ಅತ್ತೆಯ ಬಿಸಿಬೇಳೆಬಾತಿನ ಆಸೆಗೆ. ಸಿಕ್ಕಿದ್ದು ಉಪನ್ಯಾಸ!

"ನೋಡೋ, ಕೈದಿಗೆ ಕೂಲಿ ಕೊಡಬೇಕು. ಆದರೆ ನಿಜವಾದ ದುಡ್ಡು ಕೊಟ್ಟರೆ ಓಡಿಹೋಗಿ ಟ್ರೇನ್ ಹತ್ತಿಬಿಡ್ತಾನೆ. ಅದಕ್ಕೇ ಬೇರೆ ನೋಟು. ಒಳಗಿನ ಕ್ಯಾಂಟೀನಲ್ಲಿ ಬೇಕಾದ್ದು ತಗೊಳ್ಳಬಹುದು, ಬೇಲಿ ದಾಟಿದ್ರೆ ಬರೀ ಕಾಗದ. ಹೇಗಿದೆ ಐಡಿಯಾ?"

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಹೊಸದೇನಲ್ಲ ಬಿಡಪ್ಪ. ಮದುವೆ ಆದಾಗಿನಿಂದ ನನಗೂ ಅದೇ ನೋಟು ಕೊಡ್ತಿದ್ದಾರೆ!"

ಮಾವನ ಜೇಬುಗಳ ಕಥೆಯೇ ಬೇರೆ. ಒಂದು ಸಲ ಟ್ರಾಮಿನಲ್ಲಿ ಟಿಕೆಟ್ ತಪಾಸಣೆಯವನು ಬಂದ. ಮಾವ ಜೇಬಿಗೆ ಕೈಹಾಕಿದರೆ ಟಿಕೆಟ್ಟಿನ ಬದಲು ಶಿಬಿರದಲ್ಲಿ ನಾಣ್ಯವಾಗಿ ನಡೆಯುತ್ತಿದ್ದ ತಗಡಿನ ಬಿಲ್ಲೆ ಹೊರಬಂತು. ಅವನು ತಿರುಗಿಸಿ ನೋಡಿ, "ಇದು ಯಾವ ದೇಶದ್ದು ಸರ್?" ಎಂದ.

"ದೇಶದ್ದಲ್ಲ, ಕೈದಿಗಳದ್ದು. ಮನೇಲಿ ಇನ್ನೂ ಬೇಕಾದಷ್ಟಿದೆ!" ಎಂದರು ಮಾವ, ಹೆಮ್ಮೆಯಿಂದ. ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ ಕೈಚೀಲ ಎತ್ತಿಕೊಂಡು ಎದ್ದುಹೋದಳು. ಮಾವ ಆರಾಮಾಗಿ ಕಾಲು ಚಾಚಿದರು.

ಇಂಥ ಮಾವನಿಗೆ ಒಂದೇ ಕೊರಗು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಸೈನಿಕರನ್ನು ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಕೂಡಿಹಾಕಿದ್ದರಂತೆ. ಜರ್ಮನಿಯ ನೋಟಿದೆ, ಇಂಗ್ಲೆಂಡಿನದಿದೆ, ನಮ್ಮ ನಾಡಿನದೇ ಇಲ್ಲ! ವರ್ಷಗಟ್ಟಲೆ ಹುಡುಕಿದರು. ಕಡೆಗೆ ಒಂದು ಭಾನುವಾರ, ಚರ್ಚ್ ಹಾಲಿನಲ್ಲಿ ನಡೆಯುವ ಹಳೆ ನೋಟುಗಳ ಸಂತೆಯಲ್ಲಿ ಅದು ಸಿಕ್ಕೇಬಿಟ್ಟಿತು. ಒಂದು ಆಣೆಯ ಚೀಟಿ, ಅಂಚು ಹರಿದಿತ್ತು. ಅವರು ಕೊಟ್ಟ ಬೆಲೆಗೆ ನನಗೊಂದು ಒಳ್ಳೆಯ ಚಳಿಗಾಲದ ಕೋಟು ಬರುತ್ತಿತ್ತು. ಜೊತೆಗಿದ್ದ ನನ್ನ ಮುಖ ನೋಡಿ, "ಕೋಟು ಎಲ್ಲಾ ಕಡೆ ಸಿಗತ್ತೆ ಕಣೋ" ಎಂದರು.

ಊಟಕ್ಕೆಂದು ಹತ್ತಿರದ ಒಂದು ಪುಟ್ಟ ಇಟಾಲಿಯನ್ ಕೆಫೆಗೆ ಹೋದೆವು. ಯಜಮಾನತಿ ಕೌಂಟರಿನಲ್ಲಿದ್ದಳು. ಮೂಲೆಯ ಮೇಜಿನಲ್ಲಿ ಅವಳ ಮುದಿ ತಂದೆ ಕಾಗದದ ಕರವಸ್ತ್ರಗಳನ್ನು ಮಡಚುತ್ತಿದ್ದರು. ಮಾವ ಊಟ ಮರೆತು ಚೀಟಿಯನ್ನು ಬೆಳಕಿಗೆ ಹಿಡಿದಿದ್ದರು. ಮುದುಕರು ಅದನ್ನು ಕಂಡವರೇ ಎದ್ದು, ಕುರ್ಚಿಗಳ ಆಸರೆ ಹಿಡಿಯುತ್ತ ನಮ್ಮ ಬಳಿ ಬಂದರು.

"ಜಲಾಲಿ?" ಎಂದರು.

ಅದು ಜಾಲಹಳ್ಳಿ ಎಂದು ಹೊಳೆಯಲು ನನಗೆ ತುಸು ಹೊತ್ತು ಹಿಡಿಯಿತು. ಮಾವ ಆಗಲೇ ಕುರ್ಚಿ ಎಳೆದುಕೊಟ್ಟಿದ್ದರು.

ಆಫ್ರಿಕಾದ ಮರಳುಗಾಡಿನಲ್ಲಿ ಸೆರೆಸಿಕ್ಕಾಗ ಮುದುಕರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲವಂತೆ. ಶಿಬಿರದಲ್ಲಿ ಬಡಗಿ ಕೆಲಸ. ಕೂಲಿಯಾಗಿ ಇಂಥವೇ ಚೀಟಿಗಳು. ಉಳಿದವರು ಸಿಗರೇಟು, ಸೋಪು ಕೊಂಡರೆ ಇವರು ಒಂದು ಮೌತ್ ಆರ್ಗನ್ನಿಗಾಗಿ ಕೂಡಿಡುತ್ತಿದ್ದರು.

"ಕೊಂಡುಕೊಂಡ್ರಾ?" ನಾನು ಇಂಗ್ಲಿಷಿನಲ್ಲಿ ಕೇಳಿದೆ.

"ಇಲ್ಲ. ಅಷ್ಟರಲ್ಲಿ ಬೇರೆ ಶಿಬಿರಕ್ಕೆ ಕಳಿಸಿದರು. ಅಲ್ಲಿ ಈ ಚೀಟಿ ನಡೆಯುತ್ತಿರಲಿಲ್ಲ."

ಇದನ್ನು ಹೇಳಿ ನಕ್ಕರು. ಉಪನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಮಾವನಿಗೆ ಎಲ್ಲಿ ಸಿಗಬೇಕು? ಆದರೆ ಅವರು ಚೀಟಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮುದುಕರ ಅಂಗೈಗೆ ಇಟ್ಟರು. ಮುದುಕರು ಅದನ್ನು ಬೆರಳಲ್ಲಿ ಸವರಿದರು. ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ತಮ್ಮ ಮೇಜಿಗೆ ಹೊರಟೇಬಿಟ್ಟರು!

ಮಗಳು ಗಾಬರಿಯಿಂದ ಓಡಿಬಂದಳು. "ಅಪ್ಪಾ, ಅದು ಇವರದ್ದು!"

ಮಾವ ಬೇಡವೆಂದು ಅವಳಿಗೆ ಕೈಸನ್ನೆ ಮಾಡಿದರು. ಊಟ ಮುಗಿಸಿ ಎದ್ದೆವು.

ಬೀದಿಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಅಷ್ಟು ವರ್ಷ ಹುಡುಕಿದ್ದನ್ನ ಹಾಗೇ ಬಿಟ್ಟುಬಂದ್ರಲ್ಲ ಮಾವ?"

ಮಾವ ಖಾಲಿ ಪ್ಲಾಸ್ಟಿಕ್ ಕವರನ್ನು ಜೇಬಿಗೆ ಹಾಕಿಕೊಂಡರು.

"ನಾನು ಬರೀ ಕೊಂಡಿದ್ದು ಕಣೋ," ಎಂದರು. "ಅವರು ದುಡಿದಿದ್ದು."